ನಾಲ್ಕು ಸ್ಕ್ರೂಗಳ ಪರವಾನಗಿ

ನಡಿಗೆಯಕ್ಕನ ಮುತ್ತಜ್ಜ ಬಂದರಿನಲ್ಲಿ ಮೂಟೆ ಹೊರುವವರ ಜಾರಿದ ಭುಜಗಳನ್ನು ಅವರು ಕೆಮ್ಮಿ ಮುಗಿಸುವಷ್ಟರಲ್ಲಿ ಕೂರಿಸುತ್ತಿದ್ದನಂತೆ. "ಎಲ್ಲಿ, ಒಂದ್ಸಲ ಕೆಮ್ಮು" ಎಂದು ಇವನು ಹೇಳುವುದು, ಅವನು ಕೆಮ್ಮುವುದು, ಭುಜ ಟಕ್ಕೆಂದು ತನ್ನ ಮನೆ ಸೇರುವುದು, ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಗುತ್ತಿತ್ತು. ಅವನ ಮಗಳು, ಅಂದರೆ ನಡಿಗೆಯಕ್ಕನ ಅಜ್ಜಿ, ಜ್ವರ ಬಂದು ಕಾಲು ಸೊರಗಿದ ಮಕ್ಕಳನ್ನು ಅಂಗಳದಲ್ಲಿ ಎರಡು ಹಗ್ಗ ಕಟ್ಟಿ ಅವುಗಳ ನಡುವೆ ನಡೆಸಿದವಳು. ಒಂದು ಬೇಸಗೆಯಲ್ಲಿ ಹನ್ನೊಂದು ಮಕ್ಕಳು ಹಗ್ಗ ಬಿಟ್ಟು ನಡೆದರೆಂದು ಮನೆಯವರು ಹೇಳುತ್ತಿದ್ದರು, ಏಳೇ ಎಂದು ನೆರೆಯವರು ಹೇಳುತ್ತಿದ್ದರು. ಆ ಅಜ್ಜಿಯ ಮಗ, ನಡಿಗೆಯಕ್ಕನ ಅಪ್ಪ, ಯುದ್ಧದಿಂದ ಮರಳಿದವರಿಗೆ ಮರದ ಕಾಲಿನ ಮೇಲೆ ನಿಲ್ಲುವುದನ್ನೂ, ನಿಂತ ಮೇಲೆ ಬೀಳುವುದನ್ನೂ, ಬಿದ್ದ ಮೇಲೆ ನಾಚಿಕೆಪಡದೆ ಏಳುವುದನ್ನೂ ಕಲಿಸಿದವನು. ಈ ಮೂವರ ಬಳಿ ಹುಡುಕಿದರೂ ಒಂದು ಕಾಗದದ ಚೂರು ಸಿಗುತ್ತಿರಲಿಲ್ಲ. ನಾಲ್ಕನೆಯ ತಲೆಮಾರಿನ ನಡಿಗೆಯಕ್ಕನ ಬಳಿ ಮಾತ್ರ ಸರ್ಕಾರದ ಮೊಹರಿದ್ದ ಪರವಾನಗಿ ಇತ್ತು, ಮತ್ತು ಅದು ಗಾಜಿನ ಚೌಕಟ್ಟಿನೊಳಗೆ ಗೋಡೆಗೆ ನಾಲ್ಕು ಸ್ಕ್ರೂಗಳಿಂದ ಬಿಗಿದುಕೊಂಡಿತ್ತು.

ಒಂದು ಮೊಳೆ ಹೊಡೆದು ತೂಗುಹಾಕಿದರೆ ಸಾಲದೆ ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಾಗಿತ್ತು. "ತೂಗೋದನ್ನ ಯಾರು ಬೇಕಾದ್ರೂ ತೆಗೆದು ಕೆಳಗಿಟ್ಟು, 'ಗೋಡೆ ಮೇಲೆ ಇರಲಿಲ್ಲ' ಅಂತ ಬರ್ಕೊಂಡು ಹೋಗಬಹುದು. ಸ್ಕ್ರೂ ಬಿಚ್ಚೋಕೆ ಹೊತ್ತು ಬೇಕು. ಅಷ್ಟರಲ್ಲಿ ನಾನು ಬರ್ತೀನಿ."

ನಡಿಗೆಯಕ್ಕ ಎಂಬುದು ರೋಗಿಗಳು ಇಟ್ಟ ಹೆಸರು. ಫಿಸಿಯೋಥೆರಪಿ ಅವಳ ವೃತ್ತಿ, ಅನುಮಾನ ಅವಳ ಪ್ರವೃತ್ತಿ. ಬೀಗ ರಿಪೇರಿಯ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಉದ್ದನೆಯ ಓಣಿಯಂಥ ಪಡಸಾಲೆ, ಅಲ್ಲಿಗೆ ಹತ್ತೊಂಬತ್ತು ಮೆಟ್ಟಿಲು. ಕಾಲಿಲ್ಲದವರು ಮಹಡಿ ಹತ್ತುವುದು ಹೇಗೆ ಎಂದು ಹೊಸಬರು ಗೊಣಗಿದರೆ, "ಹತ್ತೋದರಲ್ಲೇ ಅರ್ಧ ಪರೀಕ್ಷೆ ಮುಗೀತು" ಎನ್ನುತ್ತಿದ್ದಳು. ಮೆಟ್ಟಿಲ ತುದಿಯ ಕಿಟಕಿಗೆ ಅವಳು ಹಾಕಿಸಿದ್ದ ಮಸುಕು ಗಾಜಿನಲ್ಲಿ ಕಣ್ಣಳತೆಗೆ ಒಂದು ಚೌಕ ಮಾತ್ರ ತಿಳಿಯಾಗಿತ್ತು. ಆ ಚೌಕದ ಹಿಂದೆ ನಿಂತು, ತಾವು ಯಾರ ಕಣ್ಣಿಗೂ ಬಿದ್ದಿಲ್ಲವೆಂದುಕೊಂಡು ಹತ್ತುತ್ತಿರುವವರ ಹೆಜ್ಜೆಯನ್ನು ಅವಳು ಓದುತ್ತಿದ್ದಳು. ಯಾರು ನೋವನ್ನು ನುಂಗುತ್ತಾರೆ, ಯಾರು ಹನಿಯನ್ನು ಹೊಳೆ ಮಾಡುತ್ತಾರೆ, ಯಾರು ಮೂರನೆಯ ಮೆಟ್ಟಿಲಲ್ಲಿ ಕುಂಟುವುದನ್ನು ಮರೆತು ಹತ್ತನೆಯದರಲ್ಲಿ ನೆನಪಿಸಿಕೊಳ್ಳುತ್ತಾರೆ, ಎಲ್ಲವೂ ಅವಳಿಗೆ ಅಲ್ಲಿಯೇ ತಿಳಿಯುತ್ತಿತ್ತು. ಅವಳ ಕಾಲಿಗೆ ರಬ್ಬರ್ ತಳದ ಬೂಟು. ಬೆಕ್ಕಿಗೆ ಗಂಟೆ ಕಟ್ಟಬಹುದು, ಇವಳಿಗೆ ಕಟ್ಟಲಾಗದು ಎಂದು ಅವಳ ತಂಗಿಯೇ ಹೇಳುತ್ತಿದ್ದಳು. ರೋಗಿಯ ಮುಂದೆ ಅವಳು ಎಂದೂ ನಡೆದವಳಲ್ಲ. ಯಾವಾಗಲೂ ಎರಡು ಹೆಜ್ಜೆ ಹಿಂದೆ.

ಅವಳ ಮಾತಿಗೊಂದು ಬಾಲವಿತ್ತು: "ಅಂತಾರೆ." ಸೊಂಟ ನೋವು ಅಂತಾರೆ. ನಿನ್ನೆ ವ್ಯಾಯಾಮ ಮಾಡಿದೆ ಅಂತಾರೆ. ತಂಗಿ ಕ್ಯಾಲೆಂಡರ್ ನೋಡಿ ಇವತ್ತು ಸೋಮವಾರ ಎಂದರೂ, "ಸೋಮವಾರ ಅಂತಾರೆ" ಎಂದು ತಾನೊಮ್ಮೆ ಎದ್ದು ಹೋಗಿ ನೋಡಿ ಬರುತ್ತಿದ್ದಳು. ಮುಂದಿನ ಮೇಜಿನಲ್ಲಿ ಕುಳಿತು ಹೆಸರು ಬರೆದುಕೊಳ್ಳುವ ಆ ತಂಗಿ ಬಾಯಿಬಡುಕಿ, ಯಾರನ್ನೂ ನಂಬುವ ಹೆಂಗಸು. "ನಮ್ಮಮ್ಮನ ಹತ್ರ ಇದ್ದಿದ್ದೇ ಒಂದು ಸೇರು ನಂಬಿಕೆ, ಅಕ್ಕನಿಗೆ ಕೊಡೋದು ಮರೆತು ನನಗೇ ಪೂರ್ತಿ ಸುರಿದುಬಿಟ್ಳು" ಎಂದು ಬಂದವರ ಮುಂದೆ ನಗುತ್ತಿದ್ದಳು.

ಬಿಳಿಯ ಕೋಟು ತೊಟ್ಟರೆ ಡಾಕ್ಟರೆಂದು ಜನ ತಿಳಿದಾರು, ಹಾಗೆ ತಿಳಿಯುವಂತೆ ನಡೆದುಕೊಳ್ಳುವುದು ಕಾಯಿದೆಯ ಪ್ರಕಾರ ಅಪರಾಧವೆಂದು ಅವಳು ಬೂದಿ ಬಣ್ಣದ ಉಣ್ಣೆಯ ಕೋಟನ್ನು ಬೇಸಗೆಯಲ್ಲೂ ಬಿಡದೆ ತೊಡುತ್ತಿದ್ದಳು. ಯಾರಾದರೂ ಬಾಯ್ತಪ್ಪಿ "ಡಾಕ್ಟ್ರಮ್ಮಾ" ಎಂದರೆ, ಅವರ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿ, ಆಚೆ ಯಾರೋ ಕಿವಿಗೊಟ್ಟಿದ್ದಾರೆಂಬಂತೆ, "ನಾನು ಡಾಕ್ಟರಲ್ಲ" ಎಂದು ಗಟ್ಟಿಯಾಗಿ ಸಾರುತ್ತಿದ್ದಳು. ಕೋಟಿನ ಎಡ ಜೇಬಿನಲ್ಲಿ ಅಳತೆಯ ಟೇಪು, ಬಲ ಜೇಬಿನಲ್ಲಿ ಕಂದು ಕಾಗದದ ರಟ್ಟು ಹಾಕಿದ ಕಾಯಿದೆಯ ಪುಸ್ತಕ. ಬಾಗಿಲ ಫಲಕದ ಅಕ್ಷರ ಎಷ್ಟು ಎತ್ತರವಿರಬೇಕು, ಸಹಾಯಕರು ಯಾವುದನ್ನು ಮುಟ್ಟಬಾರದು, ವರ್ಷಕ್ಕೆ ಎಷ್ಟು ತರಗತಿಗೆ ಹೋಗಿ ಎಷ್ಟು ಅಂಕ ಗಳಿಸಿದರೆ ಪರವಾನಗಿ ನವೀಕರಣವಾಗುತ್ತದೆ, ಎಲ್ಲದರ ಕೆಳಗೂ ಪೆನ್ಸಿಲ್ ಗೆರೆ. ಒಂದು ಕಲಮಿನ ಕೆಳಗೆ ಮಾತ್ರ ಗೆರೆಯಿರಲಿಲ್ಲ. ವೈದ್ಯರ ಚೀಟಿಯಿಲ್ಲದೆ ಯಾವ ರೋಗಿಯನ್ನೂ ಪರೀಕ್ಷಿಸಬಾರದು, ಮುಟ್ಟಬಾರದು. ಮೀರಿದರೆ ಪರವಾನಗಿ ರದ್ದು. ಅದಕ್ಕೆ ಗೆರೆ ಬೇಕಿರಲಿಲ್ಲ. ಅದು ಅವಳ ಮನೆಯಲ್ಲೇ ಹುಟ್ಟಿದ ಕಲಮು.

ಅಪ್ಪ ಒಬ್ಬ ಗುಮಾಸ್ತನ ಭುಜದ ನೋವಿಗೆ ಮೂರು ತಿಂಗಳು ಶಾಖ ಕೊಟ್ಟು, ಎಳೆದು, ತಿರುಗಿಸಿ, ನೀವಿ ಉಪಚಾರ ಮಾಡಿದ್ದ. ನೋವು ಭುಜದ್ದಾಗಿರಲಿಲ್ಲ; ಶ್ವಾಸಕೋಶದ ತುದಿಯಲ್ಲಿ ಬೆಳೆಯುತ್ತಿದ್ದ ಗಂಟಿನದಾಗಿತ್ತು. ಅದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಗುಮಾಸ್ತನ ಹೆಂಡತಿ ಒಂದು ದಿನ ಬಂದು, ಜಗಳವಾಡದೆ, "ಅಷ್ಟು ದಿನ ಕೈಯಾಡಿಸಿದ್ರಲ್ಲ, ಒಂದು ದಿನವಾದ್ರೂ ಅನುಮಾನ ಬರಲಿಲ್ವಾ?" ಎಂದಷ್ಟೇ ಕೇಳಿ ಹೋದಳು. ಮುಂದೆ ಶಾಸನಸಭೆಯಲ್ಲಿ ಈ ಕಾಯಿದೆ ಮಂಡನೆಯಾದಾಗ ಯಾರೋ ಒಬ್ಬ ಸದಸ್ಯ ಹೆಸರು ಹೇಳದೆ ಆ ಕತೆ ಹೇಳಿದ. ರೇಡಿಯೋದಲ್ಲಿ ಅದನ್ನು ಕೇಳುತ್ತ ಕುಳಿತಿದ್ದ ಅಪ್ಪ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ, ಮತ್ತೆ ಯಾರ ಮೈಯನ್ನೂ ಮುಟ್ಟಲಿಲ್ಲ. ನಡಿಗೆಯಕ್ಕನಿಗೆ ಆಗ ಹದಿನೇಳು. ಅನುಮಾನಪಡುವುದು ಒಂದು ಗುಣವಲ್ಲ, ಮನೆತನದ ಬಾಕಿ ಕೆಲಸ ಎಂದು ಅವಳು ಅಂದೇ ತೀರ್ಮಾನಿಸಿರಬೇಕು.

ಪರವಾನಗಿ ಕೊಡುವ ಮಂಡಳಿ ಆಗಾಗ ಸುಳ್ಳು ರೋಗಿಗಳನ್ನು ಕಳಿಸುತ್ತಿತ್ತು. ಚೀಟಿಯಿಲ್ಲದೆ ಬಂದು, ಗೋಗರೆದು, ಕಣ್ಣೊರೆಸಿಕೊಳ್ಳುವುದು, ಥೆರಪಿಸ್ಟು ಕನಿಕರದಿಂದ ಕೈಯಿಟ್ಟರೆ ಸಾಕು, ಮರುದಿನವೇ ನೋಟಿಸು ಕಳಿಸುವುದು. ಅದೇ ಬೀದಿಯ ಇಬ್ಬರು ಹಾಗೆಯೇ ಬಾಗಿಲು ಹಾಕಿದ್ದರು. ನಡಿಗೆಯಕ್ಕ ಮಾತ್ರ ಮೂವರನ್ನು ಹಿಡಿದಿದ್ದಳು. ಬಲಗಾಲಲ್ಲಿ ಕುಂಟುತ್ತ ಹತ್ತಿ ಎಡಗಾಲಲ್ಲಿ ಕುಂಟುತ್ತ ಇಳಿಯಹೊರಟವನನ್ನು ಹಿಂದಿನಿಂದ ಕರೆದು, "ತಮ್ಮಾ, ಕಾಲು ಅದಲು ಬದಲಾಯ್ತು, ಸರಿಮಾಡ್ಕೊಂಡು ಹೋಗು" ಎಂದಿದ್ದಳು. ಕತ್ತು ಹೊರಳುವುದೇ ಇಲ್ಲವೆಂದ ಹೆಂಗಸಿನ ಬೆನ್ನ ಹಿಂದೆ ತಂಗಿಯಿಂದ ಒಂದು ತಟ್ಟೆ ಬೀಳಿಸಿದ್ದಳು. ಆಕೆ ಗೂಬೆಯ ಹಾಗೆ ಪೂರ್ತಿ ತಿರುಗಿ ನೋಡಿದ್ದಳು. ಮೂರನೆಯವನು ಪಾಪ, ಇವಳ ಮುಖ ನೋಡುತ್ತಲೇ ನಿಜ ಒಪ್ಪಿಕೊಂಡು, ತನಗೆ ನಿಜವಾಗಿಯೂ ಮಂಡಿ ನೋಯುತ್ತದೆಂದು ಹೇಳಿಕೊಂಡಿದ್ದ. "ನೋಯುತ್ತೆ ಅಂತಾರೆ" ಎಂದು ಅವನನ್ನೂ ಸಾಗಹಾಕಿದ್ದಳು. ಅಸಲಿಗೆ ಅವಳ ಬಲ ಮಂಡಿಯೇ ಎರಡು ವರ್ಷದಿಂದ ಇಳಿಯುವಾಗ ಕೈಕೊಡುತ್ತಿತ್ತು. ಆ ಸಂಗತಿ ತಂಗಿಗೂ ಗೊತ್ತಿರಲಿಲ್ಲ.

ಆ ವರ್ಷ ಕಾಯಿದೆಗೆ ತಿದ್ದುಪಡಿ ಬಂತು. ಹತ್ತು ವರ್ಷ ವೃತ್ತಿ ಮಾಡಿದ ಥೆರಪಿಸ್ಟುಗಳು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ವೈದ್ಯರ ಚೀಟಿಯಿಲ್ಲದೆಯೇ ರೋಗಿಯನ್ನು ಮೂವತ್ತು ದಿನ ನೋಡಬಹುದು. ವೃತ್ತಿಯವರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿ ಹಿಗ್ಗಿದರು. ಸುದ್ದಿ ತಂದವನು ಅವಳ ಹಳೆಯ ಶಿಷ್ಯ, ಎಲ್ಲವನ್ನೂ ಅಳೆದು ಬರೆಯುತ್ತಿದ್ದನೆಂದು ಅವಳೇ 'ರೂಲುದೊಣ್ಣೆ' ಎಂದು ಹೆಸರಿಟ್ಟವನು, ಈಗ ಅದೇ ಮಂಡಳಿಯ ಸದಸ್ಯ.

"ಇನ್ನು ನೀವು ಯಾರಿಗೂ ಹೆದರಬೇಕಾಗಿಲ್ಲ ಮೇಡಂ" ಎಂದ ಅವನು.

"ಬೋನಿನ ಬಾಗಿಲು ತೆಗೆದಿಟ್ರೆ ಇಲಿಗೆ ಬಿಡುಗಡೆ ಅಂತ ಅರ್ಥ ಅಲ್ಲಪ್ಪ" ಎಂದಳು ಅವಳು. "ಒಂದನೇ ತಾರೀಖು ಬರಲಿ. ಬರುತ್ತೆ ಅಂತಾರೆ."

ತಿದ್ದುಪಡಿಯ ಸುದ್ದಿ ಬಂದ ಆ ತಿಂಗಳಲ್ಲೇ, ನಾಲ್ಕರಂದು, ಬಸ್ ಕಂಡಕ್ಟರೊಬ್ಬ ಬಂದ. ನಲವತ್ತರ ಆಸುಪಾಸು, ಕೊರಳಲ್ಲಿ ಶಿಳ್ಳೆ. ಚೌಕದ ಹಿಂದೆ ನಿಂತವಳಿಗೆ ಅವನ ಬಲ ಪಾದ ವಿಚಿತ್ರವಾಗಿ ಕಂಡಿತು: ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಳಕ್ಕೆ ಸುರುಳಿ ಸುತ್ತಿ, ಹೊರ ಅಂಚಿನ ಮೇಲೆ ನಿಲ್ಲುತ್ತಿತ್ತು. ಅಂಥ ಕುಂಟನ್ನು ಅವಳು ಕಂಡಿರಲಿಲ್ಲ. ಕಂಡಿರದದ್ದು ಅವಳ ಪಾಲಿಗೆ ಇಲ್ಲದ್ದು.

"ಚೀಟಿ ಎಲ್ಲಿ?"

"ಡಿಪೋ ಡಾಕ್ಟ್ರು ಕೊಡಲ್ಲ ಅಕ್ಕಾ. ಎಕ್ಸ್‌ರೇ ತೆಗೆದ್ರು, ಮೂಳೆ ಚೆನ್ನಾಗಿದೆ, ನಿನಗೆ ಕೆಲಸಗಳ್ಳತನ ಅಂದ್ರು. ನೀವು ನಡಿಗೆ ನೋಡಿದ್ರೆ ಸಾಕು, ಎಲ್ಲಾ ತಿಳಿಯುತ್ತೆ ಅಂತ ಪ್ಯಾಸೆಂಜರ್ ಒಬ್ರು ಹೇಳಿದ್ರು."

"ಯಾರು ಹೇಳಿದ್ದು?"

"ಹೆಸರು ಗೊತ್ತಿಲ್ಲ. ಕಿಟಕಿ ಸೀಟಲ್ಲಿ ಕೂರ್ತಾರೆ."

ಚೀಟಿಯಿಲ್ಲ, ಕಳಿಸಿದವರಿಗೆ ಹೆಸರಿಲ್ಲ, ಜೊತೆಗೆ ಮುಖಸ್ತುತಿ. ನಡಿಗೆಯಕ್ಕನಿಗೆ ಇಷ್ಟು ಸಾಕಿತ್ತು. ಆಗುವುದಿಲ್ಲವೆಂದಳು. ಅವನು ಎದ್ದ, ಆದರೆ ಬೆನ್ನು ತಿರುಗಿಸದೆ, ಅವಳ ಮುಖವನ್ನೇ ನೋಡುತ್ತ, ಕೈಮುಗಿದು ಬೇಡಿಕೊಳ್ಳುತ್ತ, ಪಡಸಾಲೆಯುದ್ದಕ್ಕೂ ಹಿಂದಕ್ಕೆ ಹಿಂದಕ್ಕೆ ನಡೆದ. ಹಿಂದಕ್ಕೆ ಇಟ್ಟ ಒಂದೊಂದು ಹೆಜ್ಜೆಯಲ್ಲೂ ಆ ಪಾದ ನೆಲದ ಮೇಲೆ ಅಚ್ಚುಕಟ್ಟಾಗಿ, ಕವಾಯತಿನ ಸಿಪಾಯಿಯ ಪಾದದಂತೆ ಊರುತ್ತಿತ್ತು.

"ನಿಮ್ಮ ಮಂಡಳಿಯವರಿಗೆ ಹೇಳಪ್ಪ" ಎಂದಳು ನಡಿಗೆಯಕ್ಕ, ನಾಲ್ಕನೆಯ ಬೇಟೆ ಬಿದ್ದ ಸಂತೋಷದಲ್ಲಿ. "ಮುಂದಿನ ಸಲ ಕಳಿಸೋವಾಗ ಹಿಂದಕ್ಕೆ ಕುಂಟೋದನ್ನೂ ಕಲಿಸಿ ಕಳಿಸಲಿ."

ಅವನಿಗೆ ಅರ್ಥವಾಗಲಿಲ್ಲ. ಮುಂದಕ್ಕೆ ತಿರುಗಿದ, ಪಾದ ಸುರುಳಿ ಸುತ್ತಿತು, ಇಳಿದು ಹೋದ. "ಪಾಪ ಅಕ್ಕ, ಕಣ್ಣಲ್ಲಿ ನೀರಿತ್ತು" ಎಂದಳು ತಂಗಿ. "ಕಣ್ಣೀರಿಗೆ ಚೀಟಿ ಬೇಡ, ಯಾರು ಬೇಕಾದ್ರೂ ಹಾಕಬಹುದು" ಎಂದು ಅಕ್ಕ ಅಲ್ಲೇ ಕುಳಿತು ಮಂಡಳಿಗೆ ಕಾಗದ ಬರೆದಳು: ಇಂಥ ಡಿಪೋದ ಕಂಡಕ್ಟರನೆಂದು ಹೇಳಿಕೊಂಡು ತಾವು ಕಳಿಸಿದ ವ್ಯಕ್ತಿ ಬಂದಿದ್ದ; ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತೇನೆ, ಅವನ ಕುಂಟು ಶುದ್ಧ ಸುಳ್ಳು. ಸಹಿ, ಕೆಳಗೆ ಪರವಾನಗಿಯ ಸಂಖ್ಯೆ.

ಹತ್ತು ದಿನಕ್ಕೆ ಉತ್ತರ ಬಂತು. ಆ ವ್ಯಕ್ತಿಯನ್ನು ನಾವು ಕಳಿಸಿಲ್ಲ. ತಮ್ಮ ಪತ್ರದ ಪ್ರತಿಯನ್ನು ಮಾಹಿತಿಗಾಗಿ ಸಂಬಂಧಪಟ್ಟ ಡಿಪೋಗೆ ರವಾನಿಸಲಾಗಿದೆ. "ಕಳಿಸಿಲ್ಲ ಅಂತಾರೆ" ಎಂದು ನಕ್ಕು ಅವಳು ಅದನ್ನು ಕಡತಕ್ಕೆ ಸೇರಿಸಿದಳು.

ಇಪ್ಪತ್ತೆಂಟರ ಬೆಳಿಗ್ಗೆ ಕಂಡಕ್ಟರ ಮತ್ತೆ ಬಂದ. ಕೊರಳಲ್ಲಿ ಶಿಳ್ಳೆಯಿರಲಿಲ್ಲ. ಕೂಗಾಡಲಿಲ್ಲ. ಅವಳ ಕಾಗದದ ಪ್ರತಿಯನ್ನು ಮೇಜಿನ ಮೇಲಿಟ್ಟು, "ನಿಮ್ಮ ಸಹಿ ಚೆನ್ನಾಗಿದೆ ಅಕ್ಕಾ" ಎಂದ. "ಡಿಪೋ ಡಾಕ್ಟ್ರು ಹೇಳಿದಾಗ ನಮ್ಮ ಸಂಘದೋರು ನನ್ನ ಪರ ಇದ್ರು. ನೀವು ಬರೆದ ಮೇಲೆ ಅವರೂ ಸುಮ್ಮನಾದ್ರು. ನಾಡಿದ್ದು ವಿಚಾರಣೆ. ಕೆಲಸದಿಂದ ತೆಗೀತಾರೆ."

ಇದೂ ಒಂದು ಆಟವಿರಬಹುದೆಂದು ಅವಳ ಕಣ್ಣು ಅವನ ಮುಖವನ್ನು, ಕೈಯನ್ನು, ಕಾಗದದ ಮೊಹರನ್ನು ಸುತ್ತಿ ಬಂತು.

"ಎರಡು ತಿಂಗಳಿಂದ ಬಸ್ಸಲ್ಲಿ ಹಿಂದಕ್ಕೆ ನಡ್ಕೊಂಡೇ ಟಿಕೆಟ್ ಕೊಡ್ತಿದ್ದೆ" ಎಂದ ಅವನು. "ಹಿಂದಕ್ಕೆ ಹೋದ್ರೆ ಕಾಲು ನನ್ನದು. ಮುಂದಕ್ಕೆ ಹೋದ್ರೆ ಯಾರದೋ. ಮನೇಲಿ ಮಗಳು ನೋಡಿ ನಗ್ತಾಳೆ, ನಾನೂ ನಗ್ತೀನಿ. ಆದ್ರೆ ವಿಚಾರಣೆ ಕೋಣೆಗೆ ಹಿಂದಕ್ಕೆ ನಡ್ಕೊಂಡು ಹೋಗೋಕಾಗುತ್ತಾ?"

"ಬೂಟು ಬಿಚ್ಚು" ಎಂದಳು ನಡಿಗೆಯಕ್ಕ.

ಬಲಗಾಲ ಬೂಟನ್ನು ತಿರುಗಿಸಿ ಹಿಡಿದು ಬೆಳಕಿಗೆ ಒಯ್ದಳು. ತಳದ ಹೊರ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಕಿರುಬೆರಳಿನ ಬಳಿ ಚರ್ಮ ಉಜ್ಜಿ ಉಜ್ಜಿ ಬಿಳಿಚಿಕೊಂಡು, ಒಂದು ಕಡೆ ತೂತೇ ಬಿದ್ದಿತ್ತು. ಎಡದ್ದು ಸಮನಾಗಿ ಸವೆದಿತ್ತು. ಸುಳ್ಳು ಹೇಳುವವನು ಪಾದವನ್ನು ತಿರುಚಬಲ್ಲ, ಯಾರೂ ನೋಡದ ಕಡೆಯೂ ನಡೆದು ನಡೆದು ತಳ ಸವೆಸಲಾರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಶಿಷ್ಯರಿಗೆಲ್ಲ ಉರುಹೊಡೆಸಿದವಳು ಅಂದು ಒಂದು ಬೂಟನ್ನೂ ತಿರುಗಿಸಿ ನೋಡಿರಲಿಲ್ಲ.

ಆಗ ಅವಳಿಗೆ ಮೂರು ವರ್ಷದ ಹಿಂದಿನ ಒಂದು ತರಗತಿ ನೆನಪಾಯಿತು. ನವೀಕರಣದ ಅಂಕಕ್ಕೋಸ್ಕರ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಉಪನ್ಯಾಸಕ ಒಂದು ಚಿತ್ರ ತೋರಿಸಿದ್ದ: ಮುಂದಕ್ಕೆ ನಾಲ್ಕು ಹೆಜ್ಜೆ ಇಡಲಾರದ ಹೆಂಗಸು, ಹಿಂದಕ್ಕೆ ಸಲೀಸಾಗಿ ನಡೆಯುತ್ತಾಳೆ. ಮೂಳೆಯಲ್ಲಿ ದೋಷವಿಲ್ಲ, ಮಿದುಳಿನಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯೇ ತಪ್ಪುತ್ತದೆ. ನೋಡಿದವರು ಇದನ್ನು ನಟನೆಯೆನ್ನುತ್ತಾರೆ, ಹಾಗೆನ್ನಬೇಡಿ ಎಂದಿದ್ದ. "ನಟನೆಯಲ್ಲ ಅಂತಾರೆ" ಎಂದು ಪಕ್ಕದವಳ ಕಿವಿಯಲ್ಲಿ ಉಸುರಿ, ಹೊರಗೆ ಬಂದು ಅಂಕದ ಚೀಟಿಗೆ ಮೊಹರು ಹಾಕಿಸಿಕೊಂಡಿದ್ದಳು.

ಕಂಡಕ್ಟರನನ್ನು ಪಡಸಾಲೆಗೆ ಕರೆದೊಯ್ದಳು. "ಅಕ್ಕಾ, ಚೀಟಿ ಇಲ್ಲ" ಎಂದು ತಂಗಿ ಮೇಜಿನಿಂದ ಎದ್ದಳು. "ಇನ್ನು ಮೂರು ದಿನ ತಡಿ, ಒಂದನೇ ತಾರೀಖು."

"ಇವನ ವಿಚಾರಣೆ ಮೂವತ್ತಕ್ಕೆ" ಎಂದಳು ನಡಿಗೆಯಕ್ಕ. "ಬಾಗಿಲು ತೆಗೆದೇ ಇಡು. ಬರೋರು ಬರಲಿ."

ಮುಂದಕ್ಕೆ ನಡೆಸಿದಳು, ಹಿಂದಕ್ಕೆ ನಡೆಸಿದಳು, ಅಡ್ಡಡ್ಡ ನಡೆಸಿದಳು, ಓಡಿಸಿದಳು, ಮಂಚದ ಮೇಲೆ ಮಲಗಿಸಿ ಪಾದವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಸ್ನಾಯುವನ್ನು ಒತ್ತಿ ನೋಡಿದಳು. ಆಮೇಲೆ ಎರಡು ಪುಟ ಬರೆದಳು. ಕಂಡದ್ದಿಷ್ಟು, ಇದನ್ನು ನರವೈದ್ಯರು ನೋಡಬೇಕು, ಈತನ ಕುಂಟು ನಿಜ, ಸುಳ್ಳೆಂದು ನಾಲ್ಕರಂದು ನಾನು ಬರೆದದ್ದು ತಪ್ಪು, ಇಂದು, ಇಪ್ಪತ್ತೆಂಟರಂದು, ವೈದ್ಯರ ಚೀಟಿಯಿಲ್ಲದೆ ಪರೀಕ್ಷಿಸಿದ್ದೇನೆ. ಸಹಿ, ಸಂಖ್ಯೆ. ಒಂದು ಪ್ರತಿ ಕಂಡಕ್ಟರನ ಕೈಯಲ್ಲೇ ಡಿಪೋಗೆ, ಒಂದು ಅಂಚೆಯಲ್ಲಿ ಮಂಡಳಿಗೆ.

"ಕೊನೇ ಸಾಲು ಬೇಡವಾಗಿತ್ತು" ಎಂದಳು ತಂಗಿ, ಅಂಚೆಗೆ ಹಾಕುವ ಮುನ್ನ. "ಅವರು ಕೇಳಿದ್ರಾ?"

"ನಾಲ್ಕನೇ ತಾರೀಖಿನ ಕಾಗದಾನೂ ಯಾರೂ ಕೇಳಿರಲಿಲ್ಲ. ಬರೆದೆನಲ್ಲ. ತಪ್ಪು ನನ್ನದು."

ತಂಗಿ 'ಅಂತಾರೆ' ಬರುವುದನ್ನೇ ಕಾದಳು. ಮಾತಿನ ಬಾಲ ಬರಲಿಲ್ಲ. ಮೂವತ್ತು ವರ್ಷದಲ್ಲಿ ಅಕ್ಕನ ಬಾಯಿಂದ ಬಾಲವಿಲ್ಲದ ಮಾತು ಕೇಳಿದ್ದು ಅದೇ ಮೊದಲೆಂದು ಅವಳು ಈಗಲೂ ಹೇಳುತ್ತಾಳೆ.

ಡಿಪೋದವರು ವಿಚಾರಣೆ ಮುಂದಕ್ಕೆ ಹಾಕಿದರು. ನರವೈದ್ಯರು ನೋಡಿ, ರೋಗಕ್ಕೆ ಉದ್ದನೆಯ ಹೆಸರು ಹೇಳಿ, ಪಾದಕ್ಕೆ ಸೂಜಿಮದ್ದು ಕೊಟ್ಟರು. ಕಂಡಕ್ಟರನ ಕೆಲಸ ಉಳಿಯಿತು. ಮಂಡಳಿಯಿಂದ ನಡಿಗೆಯಕ್ಕನಿಗೆ ನೋಟಿಸು ಬಂತು. ಚೀಟಿಯಿಲ್ಲದೆ ಪರೀಕ್ಷಿಸಿದ್ದನ್ನು ತಾವೇ ಒಪ್ಪಿಕೊಂಡಿರುವುದರಿಂದ, ವಿಚಾರಣೆ ಮುಗಿಯುವವರೆಗೆ ಪರವಾನಗಿಯನ್ನು ಕಚೇರಿಗೆ ಒಪ್ಪಿಸಬೇಕು. ಒಂದನೇ ತಾರೀಖು ಬಂದು, ಊರಿನ ಥೆರಪಿಸ್ಟುಗಳೆಲ್ಲ ಚೀಟಿಯಿಲ್ಲದ ರೋಗಿಗಳನ್ನು ರಾಜಾರೋಷವಾಗಿ ನೋಡುತ್ತಿದ್ದಾಗ, ಈ ಮಹಡಿಯಲ್ಲಿ ಮಾತ್ರ ಮಂಚಗಳು ಖಾಲಿ.

ನೋಟಿಸು ಬಂದ ಮರುದಿನ ಮಧ್ಯಾಹ್ನ ರೂಲುದೊಣ್ಣೆ ಬಂದ. ಅವನು ಹತ್ತುವುದನ್ನು ಅವಳು ಚೌಕದಿಂದ ನೋಡಿದಳು. ಹೆಜ್ಜೆ ಹಗುರವಾಗಿತ್ತು, ಪ್ರತಿ ಮೆಟ್ಟಿಲಿಗೂ ಒಂದೇ ಅಳತೆ. ತಪ್ಪು ಮಾಡಲು ಬರುವವನ ಹೆಜ್ಜೆಯಲ್ಲ, ಉಪಕಾರ ಮಾಡಲು ಬರುವವನದು. ಎರಡೂ ಒಮ್ಮೊಮ್ಮೆ ಒಂದೇ ಆಗಿರುತ್ತವೆಂದು ಅವಳಿಗೆ ಗೊತ್ತಿತ್ತು.

"ಒಂದೇ ಒಂದು ಚೀಟಿ ಮೇಡಂ" ಎಂದ ಅವನು, ಕುಳಿತುಕೊಳ್ಳದೆ. "ಆ ನರವೈದ್ಯರು ನನ್ನ ಸ್ನೇಹಿತರು. ಇಪ್ಪತ್ತೇಳರ ತಾರೀಖು ಹಾಕಿ ಕೊಡ್ತಾರೆ. ಚೀಟಿ ಇತ್ತು, ಗಡಿಬಿಡೀಲಿ ನೋಡಿರಲಿಲ್ಲ ಅಂತ ನೀವು ಎರಡು ಸಾಲು ಬರೆದ್ರೆ ಮುಗೀತು. ಕಡತ ನನ್ನ ಮೇಜಿಗೇ ಬರುತ್ತೆ. ಇಲ್ಲಾಂದ್ರೆ ರದ್ದಾಗುತ್ತೆ ಮೇಡಂ, ಕಾಯಿದೇಲಿ ಬೇರೆ ದಾರಿ ಇಲ್ಲ."

ಇದೂ ಒಂದು ಬೋನೋ? ಶಿಷ್ಯನ ಕಣ್ಣನ್ನು ಅವಳು ಅಭ್ಯಾಸಬಲದಿಂದ ಹುಡುಕಿದಳು. ಬೋನಾಗಿದ್ದರೂ, ಆಗಿರದಿದ್ದರೂ ಉತ್ತರ ಒಂದೇ ಎಂದು ಹೊಳೆದಾಗ, ಹುಡುಕುವುದನ್ನೇ ಬಿಟ್ಟಳು. ಹಾಗೆ ಬಿಟ್ಟದ್ದು ಅವಳ ಮೈಗೆ ಹೊಸದಾಗಿತ್ತು. ಹೊತ್ತುಕೊಂಡೇ ಹುಟ್ಟಿದ್ದ ಮೂಟೆಯೊಂದನ್ನು ಯಾರೋ ಭುಜದಿಂದ ಇಳಿಸಿದ ಹಾಗೆ. ತಂಗಿಯಿಂದ ಸ್ಕ್ರೂಡ್ರೈವರ್ ತರಿಸಿದಳು. ಸ್ಟೂಲು ಹತ್ತಿ, ತುಕ್ಕು ಹಿಡಿದಿದ್ದ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡಳು. ಚೌಕಟ್ಟು ಇದ್ದಲ್ಲಿ ಗೋಡೆಯ ಹಳೆಯ ಬಣ್ಣ ಹೊಸದಾಗಿ ಕಂಡಿತು.

ಅನುಮಾನವನ್ನು ನಾಯಿಯಂತೆ ಸಾಕಿಕೊಂಡವರು ಲೋಕದಲ್ಲಿ ಬೇಕಾದಷ್ಟು ಮಂದಿ. ಆ ನಾಯಿ ಬೀದಿಯಲ್ಲಿ ಹೋಗುವವರನ್ನೆಲ್ಲ ಕಂಡು ಬೊಗಳುತ್ತದೆ, ಒಡೆಯನ ಕಾಲನ್ನು ಮಾತ್ರ ನೆಕ್ಕುತ್ತದೆ. ಅದನ್ನೇ ಅವರು ಎಚ್ಚರವೆಂದು ಕರೆದುಕೊಳ್ಳುತ್ತಾರೆ. ಅಂಥವರ ಕೈಯಲ್ಲಿ ಒಂದು ಸಹಿ, ಒಂದು ಸಂಖ್ಯೆ ಇದ್ದರಂತೂ ಬೊಗಳಿದ್ದೆಲ್ಲ ಕಡತ ಸೇರುತ್ತದೆ, ಯಾರದೋ ಅನ್ನ ಕಿತ್ತುಕೊಳ್ಳುತ್ತದೆ. ಆದರೆ ಆ ನಾಯಿ ಒಂದು ದಿನ ಒಡೆಯನ ಕಡೆಗೇ ತಿರುಗಿ ಬೊಗಳಿದಾಗ, ಅದನ್ನು ಕಟ್ಟಿಹಾಕದೆ, ಹೊಡೆಯದೆ, ಯಾಕೆ ಬೊಗಳಿತೆಂದು ಎದ್ದು ದೀಪ ಹಿಡಿದು ನೋಡುವವರು ನೂರಕ್ಕೊಬ್ಬರು ಸಿಗಬಹುದು. ಅವರನ್ನು ಪ್ರೀತಿಸುವುದು ಕಷ್ಟ, ಅವರ ಜೊತೆ ಬದುಕುವುದು ಇನ್ನೂ ಕಷ್ಟ. ಆದರೂ ಒಂದು ಕಾಯಿದೆ ನಿಲ್ಲಬೇಕಾದರೆ ಅದರ ಕೆಳಗೆ ಅಂಥವರೊಬ್ಬರು ನಿಂತಿರಬೇಕು.

ಚೌಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಮೆಟ್ಟಿಲ ತುದಿಗೆ ಬಂದಳು. ಮೊದಲ ಮೆಟ್ಟಿಲಿಗೇ ಬಲ ಮಂಡಿ ಕೈಕೊಟ್ಟು ಮೈ ವಾಲಿತು. ಎರಡು ವರ್ಷ ಮುಚ್ಚಿಟ್ಟ ಕುಂಟನ್ನು ಶಿಷ್ಯ ಅಂದು ಮೊದಲ ಬಾರಿಗೆ ಕಂಡ. ಗಾಬರಿಯಿಂದ ಕೈ ಚಾಚಿ, "ಚೌಕಟ್ಟು ನನಗೆ ಕೊಡಿ ಮೇಡಂ, ನಾನೇ ಒಪ್ಪಿಸ್ತೀನಿ. ಆ ಚೀಟಿ ವಿಷಯ ಇನ್ನೊಂದ್ಸಲ ಯೋಚನೆ ಮಾಡಿ" ಎಂದ.

ಅವಳು ಗೋಡೆಗೆ ಅಂಗೈ ಊರಿ ನೆಟ್ಟಗಾದಳು.

"ಒಬ್ಬನ ನಿಜವಾದ ಕುಂಟನ್ನ ಸುಳ್ಳು ಅಂದೆ. ಈಗ ಸುಳ್ಳು ತಾರೀಖು ಊರ್ಕೊಂಡು ನೆಟ್ಟಗೆ ನಡೀಲಾ? ಬೇಡಪ್ಪ. ಇಳಿಯೋರ ಕೈ ಹಿಡೀಬಾರದು ಅಂತ ನಿನಗೆ ಎಷ್ಟು ಸಲ ಹೇಳಿಕೊಟ್ಟಿದ್ದೆ? ಒಂದು ಮೆಟ್ಟಿಲು ಕೆಳಗೆ ನಿಂತ್ಕೋ. ನಾನೇ ಇಳೀತೀನಿ."